ರಾ ಎನ್ನದ ಬೆರಳು

ನನ್ನ ಬಲಗೈ ತೋರುಬೆರಳು ಎಲ್ಲ ಕೆಲಸವನ್ನೂ ಮಾಡುತ್ತದೆ. ಬೇಳೆಯಲ್ಲಿ ಕಲ್ಲು ಆರಿಸುತ್ತದೆ, ಸೂಜಿಗೆ ದಾರ ಪೋಣಿಸುತ್ತದೆ, ಮೊಬೈಲಿನಲ್ಲಿ ಓಟಿಪಿ ಒತ್ತುತ್ತದೆ, ಸಿಟ್ಟು ಬಂದಾಗ ಎದುರಿನವರ ಮೂಗಿನ ನೇರಕ್ಕೆ ಚಾಚಿಕೊಳ್ಳುತ್ತದೆ. ಈ ಕೊನೆಯ ಕೆಲಸವನ್ನು ಕಳೆದ ಕೆಲವು ವರ್ಷಗಳಲ್ಲಿ ಅದು ಸ್ವಲ್ಪ ಜಾಸ್ತಿಯೇ ಮಾಡಿದೆ. ಆದರೆ ಸಿತಾರಿನ ಮುಂದೆ ಕೂತು ಮಿಜ್ರಾಬ್ ಹಾಕಿಕೊಂಡೆನೋ, ಒಳಕ್ಕೆ ಮಡಚಿಕೊಂಡುಬಿಡುತ್ತದೆ. ಮಿಜ್ರಾಬ್ ಎಂದರೆ ತಂತಿ ಮೀಟಲು ಬೆರಳ ತುದಿಗೆ ಸಿಕ್ಕಿಸಿಕೊಳ್ಳುವ ಉಕ್ಕಿನ ಉಗುರು. ಅದರಿಂದ ತಂತಿಯನ್ನು ಒಳಗೆ ಎಳೆದರೆ ‘ದಾ’, ಹೊರಗೆ ತಳ್ಳಿದರೆ ‘ರಾ’. ಸಿತಾರಿನ ಬಲಗೈ ವಿದ್ಯೆಯೆಲ್ಲ ಇರುವುದು ಈ ಎರಡು ಅಕ್ಷರಗಳಲ್ಲೇ. ನನ್ನ ಬೆರಳು ದಾ ಅನ್ನುತ್ತದೆ. ರಾ ಅನ್ನುವುದಿಲ್ಲ.

ಇದನ್ನು ಬರೆಯಲು ಕೂತದ್ದು ಸಿಟ್ಟಿನಿಂದ. ನನಗೆ ಹೀಗಾದದ್ದು ಬಯಲಾದ ಮೇಲೆ, ಇನ್ಯಾರಿಗಾದರೂ ಆಗಿದೆಯೇ ಎಂದು ಗೊತ್ತಿದ್ದ ಕಲಾವಿದರನ್ನೆಲ್ಲ ವಿಚಾರಿಸಿದೆ. ಒಬ್ಬರೂ ಹೂಂ ಅನ್ನಲಿಲ್ಲ. ನಮ್ಮ ಸಂಗೀತದವರಲ್ಲಿ ಯಾರಿಗೂ ಗಂಟಲು ಕೆಡುವುದಿಲ್ಲ, ಕೈ ಕೆಡುವುದಿಲ್ಲ. ಕೆಲವರು ಇದ್ದಕ್ಕಿದ್ದಂತೆ ‘ಶಿಷ್ಯರನ್ನು ತಯಾರು ಮಾಡುವುದಕ್ಕೆ’ ಬಿಡುವು ತೆಗೆದುಕೊಳ್ಳುತ್ತಾರೆ, ಕೆಲವರು ಕಚೇರಿ ಬಿಟ್ಟು ಸಂಘ ಸಂಸ್ಥೆಗಳ ಅಧ್ಯಕ್ಷರಾಗುತ್ತಾರೆ, ಅಷ್ಟೆ. ನಿಮ್ಮ ಬೆರಳೋ ತುಟಿಯೋ ದನಿಯೋ ಮಾತು ಕೇಳದೆ, ನೀವು ಅದನ್ನು ಹೆಂಡತಿಗೂ ಹೇಳದೆ ಕೂತಿದ್ದರೆ, ಇದು ನಿಮಗಾಗಿ. ಮಿಕ್ಕವರು ಬೇಕಾದರೆ ಓದಿಕೊಳ್ಳಲಿ.

ಮೊದಲು ನಮ್ಮ ಮನೆಯ ವಿಷಯ ಹೇಳಬೇಕು. ನಮ್ಮ ತಾತ ಮಿರಜಿನಲ್ಲಿ ಸಿತಾರ್ ಕಲಿತು, ವೀಣೆ ಪಿಟೀಲುಗಳ ಬೆಂಗಳೂರಿಗೆ ಬಂದು ಹಟ ಹಿಡಿದು ನಿಂತವರು. ಜಯನಗರ ಇನ್ನೂ ಹೊಸ ಬಡಾವಣೆಯಾಗಿದ್ದಾಗ ಮನೆ ಕಟ್ಟಿಸಿದರು. ರೂಮುಗಳು ಗುಬ್ಬಚ್ಚಿ ಗೂಡಿನಷ್ಟು, ಹಾಲ್ ಮಾತ್ರ ಛತ್ರದಷ್ಟು. ತಾತನ ನಂತರ ಅಪ್ಪ, ಅಪ್ಪನ ನಂತರ ನಾನು. ನನ್ನ ತಮ್ಮ ಶ್ರೀಧರ ತಬಲಾ ಹಿಡಿದ. ಪ್ರತಿವರ್ಷ ತಾತನ ತಿಥಿಯ ದಿನ ಸಂಜೆ ಆ ಹಾಲ್‌ನಲ್ಲಿ ಬೈಠಕ್ ನಡೆಯುತ್ತದೆ. ಶಿಷ್ಯರೆಲ್ಲ ಬಾರಿಸಿದ ಮೇಲೆ ಕೊನೆಗೆ ಕೂರುವುದು ಮನೆಯ ಸಿತಾರ್ ವಾದಕರು, ಮುಗಿಸುವುದು ಝಾಲಾದಿಂದ. ಝಾಲಾ ಎಂದರೆ ಬಲಗೈ ಬಿರುಸಾಗಿ ಓಡುವ ಕೊನೆಯ ಭಾಗ, ದಾ ಯಾವುದು ರಾ ಯಾವುದು ಎಂದು ಬಿಡಿಸಲಾಗದಷ್ಟು ವೇಗ. ನಮ್ಮ ಮನೆಯ ಝಾಲಾ ಕೇಳುವುದಕ್ಕೆಂದೇ ಜನ ಬರುತ್ತಾರೆ, ಗೇಟಿನ ಆಚೆ ಸ್ಕೂಟರ್ ಮೇಲೆ ಕೂತೂ ಕೇಳುತ್ತಾರೆ. ಅಪ್ಪ ಕಚೇರಿ ನಿಲ್ಲಿಸಿದ ವರ್ಷದಿಂದ ಆ ಕೊನೆಯ ಜಾಗ ನನ್ನದು. ಹೆಣ್ಣುಮಗಳಿಗೆ ಯಾಕೆ ಎಂದು ಕೇಳಿದ ನೆಂಟರಿಗೆ ಅಪ್ಪ, ‘ಝಾಲಾ ಬರೋರು ಕೂತ್ಕೋಬಹುದು, ನೀವೂ ಬನ್ನಿ’ ಎಂದಿದ್ದರು.

ಬೆರಳು ಮೊದಲು ಕೈಕೊಟ್ಟದ್ದು ಜೆ.ಪಿ. ನಗರದ ಒಂದು ಕಚೇರಿಯಲ್ಲಿ. ದ್ರುತ್ ಗತ್, ಅಂದರೆ ತಬಲಾ ಜೊತೆಗಿನ ವೇಗದ ಭಾಗ, ನಡೆಯುವಾಗ ಒಂದು ರಾ ಬರಲಿಲ್ಲ. ಆಮೇಲೆ ಇನ್ನೊಂದು. ಬಾಗಿಲಿಗೆ ಸೆರಗು ಸಿಕ್ಕಿಕೊಂಡಂತೆ ಬೆರಳು ಒಳಗೇ ಸಿಕ್ಕಿಕೊಂಡಿತು. ಎಡಗೈಯಲ್ಲಿ ಏನೇನೋ ಕಸರತ್ತು ಮಾಡಿ ಮುಚ್ಚಿದೆ. ಜನ ಚಪ್ಪಾಳೆ ತಟ್ಟಿದರು. ಜೊತೆಗೆ ಬಾರಿಸಿದ್ದ ಶ್ರೀಧರ ಮಾತ್ರ ಕಾರಿನಲ್ಲಿ ಬಾಯಿಬಿಟ್ಟ.

‘ಅಕ್ಕ, ಇವತ್ತು ಏನಾಯ್ತು ನಿಂಗೆ?’

‘ಎಸಿ ಜಾಸ್ತಿ ಇತ್ತು ಕಣೋ. ಕೈ ಮರಗಟ್ಟಿಹೋಯ್ತು.’

‘ಎಸಿ ಬರೀ ಬಲಗೈಗೆ ಹೊಡೀತಾ?’

ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಕೆಲವು ವಾರ ಮುಚ್ಚಿಟ್ಟೆ. ಆದರೆ ಅಪ್ಪನಿಂದ ಮುಚ್ಚಿಡಲು ಆಗುವುದಿಲ್ಲ. ಎಂಬತ್ತು ದಾಟಿದ್ದರೂ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಹಾಲ್‌ನಲ್ಲಿ ಶಿಷ್ಯರು ಮಾಡಿದ ತಪ್ಪನ್ನು ಹಿಡಿಯುವವರು. ಒಂದು ಬೆಳಿಗ್ಗೆ ನಾನು ಅದೇ ಹಾಲ್‌ನಲ್ಲಿ ಬಾರಿಸುತ್ತಿದ್ದಾಗ ಬಂದು ಎದುರು ಕೂತು, ನನ್ನ ಬಲಗೈಯನ್ನೇ ನೋಡಿದರು.

‘ರಿಯಾಜ್ ಕಮ್ಮಿ ಆಗಿದೆ ನಿಂದು ಸುಮಾ. ಕ್ಲಾಸು, ಕಮಿಟಿ ಅಂತ ಓಡಾಡ್ತೀಯ. ಬೆರಳಿಗೆ ಸೊಕ್ಕು ಬಂದಿದೆ. ಕೂರ್ಸು ಅದನ್ನ.’

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಔಷಧಿ ಒಂದೇ, ರಿಯಾಜ್, ದಿನದಿನದ ಸಾಧನೆ. ಕೈ ನಡುಗಿದರೆ ರಿಯಾಜ್, ಮನಸ್ಸು ಕೆಟ್ಟರೆ ರಿಯಾಜ್, ಮದುವೆ ಮುರಿದರೂ ರಿಯಾಜ್. ಅದೂ ಸಾಲದಿದ್ದರೆ ಚಿಲ್ಲಾ, ಅಂದರೆ ಹೊರಗಿನ ಪ್ರಪಂಚ ಬಿಟ್ಟು ಒಂದು ಕೋಣೆ ಸೇರಿ ಬಾರಿಸುವ ವ್ರತ. ನಾನು ಗಂಡನಿಗೆ ಹೇಳಿ, ಬನಶಂಕರಿಯ ನಮ್ಮ ಮನೆ ಬಿಟ್ಟು, ಜಯನಗರದ ಮನೆಯ ಮಹಡಿ ಕೋಣೆಗೆ ಸೇರಿಕೊಂಡೆ. ಶ್ರೀಧರನ ಹೆಂಡತಿ ಉಪ್ಪಿಟ್ಟು, ಕಾಫಿ ಬಾಗಿಲಲ್ಲಿಟ್ಟು ಹೋಗುತ್ತಿದ್ದಳು. ಬರಿಯ ದಾ ರಾ, ದಾ ರಾ. ಬೆರಳಿನಲ್ಲಿ ರಕ್ತ ಬಂದಾಗ ಅಪ್ಪ ಮೆಟ್ಟಿಲ ಕೆಳಗಿಂದ, ‘ಈಗ ದಾರಿಗೆ ಬರ್ತಿದೆ’ ಎಂದು ಕೂಗಿದರು. ನನಗೂ ಹೆಮ್ಮೆಯೇ ಆಯಿತು. ಇಂಥ ಮೂರ್ಖತನವನ್ನು ಸಂಗೀತದ ಮನೆಯವರಲ್ಲದೆ ಬೇರೆ ಯಾರೂ ಮಾಡುವುದಿಲ್ಲ. ಕಾಲು ಉಳುಕಿದವರು ಓಡುವುದಿಲ್ಲ. ನಾವು ಓಡುತ್ತೇವೆ, ಅಕ್ಕಪಕ್ಕದವರು ಭೇಷ್ ಅನ್ನುತ್ತಾರೆ.

ಕೋಣೆಯಿಂದ ಹೊರಬಂದಾಗ ಬೆರಳು ಮಿಜ್ರಾಬ್ ಕಂಡರೇ ಮಡಚಿಕೊಳ್ಳುತ್ತಿತ್ತು. ಮೊದಲು ಝಾಲಾದಲ್ಲಿ ಮಾತ್ರ ತಪ್ಪುತ್ತಿದ್ದ ರಾ, ಈಗ ನಿಧಾನದ ಆಲಾಪದಲ್ಲೂ ತಪ್ಪತೊಡಗಿತು. ಅಪ್ಪ ದೇವರ ಮನೆಗೆ ಹೋಗಿ ಕೂತರು.

ಆಮೇಲೆ ಡಾಕ್ಟರುಗಳ ಸುತ್ತಾಟ. ಬನ್ನೇರುಘಟ್ಟ ರಸ್ತೆಯ ಮೂಳೆ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು, ‘ಈ ವಯಸ್ಸಿಗೆ ಇಷ್ಟು ಒಳ್ಳೆ ಮೂಳೆ ನಾನು ನೋಡಿಲ್ಲ ಮೇಡಂ’ ಎಂದರು. ಇನ್ನೊಬ್ಬರು ಬಿಸಿ ಮೇಣದಲ್ಲಿ ಕೈ ಅದ್ದಿಸಿದರು. ಮತ್ತೊಬ್ಬರು ನನ್ನ ಕೈ ಕುಲುಕಿ, ‘ಗ್ರಿಪ್ ಸೂಪರ್ ಆಗಿದೆಯಲ್ಲ’ ಎಂದು ನಕ್ಕು, ಮನೆಯಲ್ಲಿ ಏನಾದರೂ ಟೆನ್ಷನ್ನಾ ಎಂದು ನನ್ನ ಗಂಡ ನಾಗೇಶನನ್ನು ಕೇಳಿದರು, ನನ್ನನ್ನಲ್ಲ. ನೆಂಟರೊಬ್ಬರು ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ಘಾಟಿಗೆ ಎಲ್ಲರೂ ಕೆಮ್ಮಿದೆವು, ಅಷ್ಟೇ ಲಾಭ. ಎಲ್ಲರೂ ಹೇಳುತ್ತಿದ್ದುದು ಒಂದೇ, ನಿಮಗೆ ಏನೂ ಆಗಿಲ್ಲ. ಕಾಯಿಲೆ ಇದೆ ಅನ್ನುವುದಕ್ಕಿಂತ ಇದು ಕಠಿಣ. ಏನೂ ಆಗಿಲ್ಲ ಅಂದಮೇಲೆ ತಪ್ಪು ನನ್ನದೇ ಆಯಿತಲ್ಲ.

ಕೊನೆಗೆ ಒಂದು ದೊಡ್ಡ ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಸಮಯ ಸಿಕ್ಕಿತು. ಫೋನಿನಲ್ಲಿ ಮಾತಾಡಿದವರು, ‘ವಾದ್ಯ ತಗೊಂಡು ಬನ್ನಿ, ಡಾಕ್ಟರ್ ಹೇಳಿದಾರೆ’ ಎಂದರು. ವಾದ್ಯ ನೋಡುತ್ತೇನೆ ಎಂದ ಮೊದಲ ಡಾಕ್ಟರು ಅವರೇ. ಬಾಗಿಲಲ್ಲಿ ಸೆಕ್ಯುರಿಟಿಯವರು ಸಿತಾರಿನ ಪೆಟ್ಟಿಗೆಗೆ ಅಡ್ಡ ನಿಂತರು.

‘ಲಗೇಜ್ ಒಳಗೆ ಬಿಡಲ್ಲ ಸಾರ್. ಪೇಷೆಂಟ್ ಜೊತೆ ಒಬ್ರೇ ಅಟೆಂಡರ್.’

ನಾಗೇಶ ಪೆಟ್ಟಿಗೆಯ ಮೇಲೆ ಕೈಯಿಟ್ಟು ಗಂಭೀರವಾಗಿ ಹೇಳಿದ. ‘ಇದೇ ಪೇಷೆಂಟು. ಇವ್ರು ಅಟೆಂಡರ್. ನಾನು ಹೊರಗೆ ನಿಲ್ತೀನಿ ಬಿಡಿ.’

ನಾಗೇಶನಿಗೆ ಸಂಗೀತದ ಗಂಧವಿಲ್ಲ. ಮದುವೆಯಾದ ಹೊಸದರಲ್ಲಿ ತಂಬೂರಿ ಶ್ರುತಿ ಮಾಡುವುದನ್ನೇ ಒಂದು ಹಾಡು ಎಂದುಕೊಂಡು ಚೆನ್ನಾಗಿತ್ತು ಎಂದವನು. ಆ ದಿನಗಳಲ್ಲಿ ಅದೇ ನನಗೆ ದೊಡ್ಡ ನೆಮ್ಮದಿಯಾಗಿತ್ತು. ಮನೆಯಲ್ಲಿ ಒಬ್ಬನಾದರೂ ನನ್ನ ಬೆರಳನ್ನು ನೋಡದೆ ಮುಖ ನೋಡಿ ಮಾತಾಡುತ್ತಿದ್ದ.

ಕಾಯುವ ಹಾಲ್‌ನಲ್ಲಿ ಸುಮ್ಮನೆ ಕೂತ ಕೈ ಒಂದೂ ಇರಲಿಲ್ಲ. ಒಬ್ಬ ಅಜ್ಜ ನಡುಗುವ ಕೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಡೆಗೆ ತಲೆಯ ಹಿಂಭಾಗ ಮಾಡಿಕೊಂಡೇ ಮಾತಿಗಿಳಿದಳು.

‘ಮುಖ ತಿರುಗಿಸ್ಕೊಂಡಿದೀನಿ ಅಂತ ಬೇಜಾರಾಗ್ಬೇಡಿ ಅಕ್ಕ. ನಂದು ಕತ್ತು ಆ ಕಡೆನೇ ಹೋಗುತ್ತೆ. ನಿಮ್ದೇನು?’

‘ಬೆರಳು.’

‘ಬರೀ ಬೆರಳಾ? ಒಂದೇ?’

‘ಒಂದೇ.’

‘ಪುಣ್ಯವಂತ್ರು ಬಿಡಿ’ ಎಂದು ನಕ್ಕಳು. ಹೆಸರು ಮಂಜುಳ, ಅಂಜನಾಪುರದವಳು, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಬಸ್ಸಿನಲ್ಲಿ ಜನ ಮಾತಾಡಿಸಿದರೆ ಕತ್ತು ಪಕ್ಕಕ್ಕೆ ತಿರುಗಿ, ಎಲ್ಲರೂ ತನಗೆ ಕೊಬ್ಬು ಅಂದುಕೊಳ್ಳುತ್ತಾರಂತೆ. ಮೊದಮೊದಲು ವಿವರಿಸುತ್ತಿದ್ದಳಂತೆ. ‘ಈಗ ಬಿಟ್ಟಿದೀನಿ ಅಕ್ಕ. ಕೊಬ್ಬು ಅಂದ್ಕೊಂಡ್ರೆ ಅಂದ್ಕೊಳ್ಳಿ, ಸೀಟಲ್ಲಿ ಜಾಗ ಬಿಟ್ಟು ಕೂತ್ಕೋತಾರೆ, ಆರಾಮಾಗಿ ಬರ್ತೀನಿ.’ ನಾನು ತಿಂಗಳುಗಳ ನಂತರ ಬಾಯಿತುಂಬ ನಕ್ಕದ್ದು ಅಲ್ಲಿ.

ಡಾಕ್ಟರು ನನಗೆ ಮಗಳಾಗುವಷ್ಟು ವಯಸ್ಸಿನವರು. ನೆಲದ ಮೇಲೆ ಬೆಡ್‌ಶೀಟ್ ಹಾಸಿಸಿ ನನ್ನನ್ನು ಕೂರಿಸಿ, ತಾವೂ ಎದುರು ಚಕ್ಕಳಮಕ್ಕಳ ಹಾಕಿ ಕೂತರು. ಮಿಜ್ರಾಬ್ ಇಲ್ಲದೆ ಗಾಳಿಯಲ್ಲಿ ಬೆರಳು ಆಡಿಸಿ ಎಂದರು, ಆಡಿಸಿದೆ. ಹಾಕಿಕೊಂಡು ಬಾರಿಸಿ ಎಂದರು. ದಾ ಬಂತು, ಬೆರಳು ಮಡಚಿತು. ಬಾಗಿಲ ಹತ್ತಿರ ಸೇರಿದ್ದ ಆಯಾಗಳು, ‘ಒಂದು ಹಾಡು ಬಾರ್ಸಿ ಮೇಡಂ’ ಎಂದರು. ಇಷ್ಟು ವರ್ಷ ನೂರಾರು ಜನರ ಎದುರು ಬಾರಿಸಿದವಳು, ಮೂರು ಜನ ಆಯಾಗಳ ಎದುರು ಒಂದು ಸಾಲು ಬಾರಿಸಲಾಗದೆ ಕೂತಿದ್ದೆ. ನಾಚಿಕೆಯಾಯಿತು.

‘ಇದು ಶುರು ಆದ್ಮೇಲೆ ಪ್ರಾಕ್ಟೀಸ್ ಕಮ್ಮಿ ಮಾಡಿದ್ರಾ?’ ಡಾಕ್ಟರು ಕೇಳಿದರು.

‘ಜಾಸ್ತಿ ಮಾಡಿದೆ. ಬೆಳಿಗ್ಗೆಯಿಂದ ಸಂಜೆವರೆಗೂ.’

‘ಯಾರು ಹೇಳಿದ್ದು?’

‘ನನ್ನ ಗುರುಗಳು. ನಮ್ಮ ತಂದೆ.’

ಅವರು ನನ್ನ ಬೆರಳನ್ನು ಹಿಡಿದು ನೇರ ಮಾಡಿದರು. ‘ಬೆರಳಲ್ಲಿ ದೋಷ ಇಲ್ಲ ಮೇಡಂ. ಬೆರಳಿಗೆ ಆರ್ಡರ್ ಕೊಡೋ ಕಡೆ ತೊಂದ್ರೆ. ರಂಗೋಲಿ ಗೆರೆ ಮೇಲೆ ಮತ್ತೆ ಮತ್ತೆ ಎಳೆದ್ರೆ ದಪ್ಪ ಆಗಿ, ಪಕ್ಕದ ಗೆರೆ ಜೊತೆ ಕಲಸ್ಕೊಳ್ಳುತ್ತಲ್ಲ, ಹಾಗೆ. ನೀವು ಸೋಮಾರಿ ಆಗಿದ್ದಿದ್ರೆ ಇದು ಬರ್ತಾನೇ ಇರ್ಲಿಲ್ಲ.’ ಆಮೇಲೆ ಹೆಸರು ಹೇಳಿದರು, ಫೋಕಲ್ ಡಿಸ್ಟೋನಿಯಾ. ಪ್ರಪಂಚದಲ್ಲಿ ಎಷ್ಟೋ ವಾದ್ಯಗಾರರಿಗೆ ಇದೆ ಎಂದರು.

‘ವಾಸಿ ಆಗುತ್ತಾ?’

‘ಮೊದಲಿನ ಥರ ಆಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಪ್ರಯತ್ನ ಮಾಡೋಣ. ಮೊದಲನೇ ಔಷಧಿ, ಇವತ್ತಿಂದ ಪ್ರಾಕ್ಟೀಸ್ ಬಂದ್.’

ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ಹಾಕಿಕೊಂಡು ಜೋರಾಗಿ ಅತ್ತೆ. ಅದು ದುಃಖವಲ್ಲ, ಅಥವಾ ಬರೀ ದುಃಖವಲ್ಲ. ನನ್ನದು ಸೋಮಾರಿತನವಲ್ಲ, ಸೊಕ್ಕಲ್ಲ, ಹುಚ್ಚಲ್ಲ. ಹೆಸರಿರುವ ಒಂದು ಕಾಯಿಲೆ. ನಾಗೇಶ ಎಳನೀರು ತಂದು ಕೈಗಿತ್ತು, ‘ಮಾವನಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?’ ಎಂದ. ಎಳನೀರು ಅರ್ಧ ಕುಡಿಯುವಷ್ಟರಲ್ಲೇ ಅಳು ನಿಂತಿತು.

ನಾನೇ ಹೇಳಿದೆ. ಅಪ್ಪ ಪೇಪರ್ ಮಡಚಿಟ್ಟು ಕೇಳಿದರು.

‘ರಿಯಾಜ್‌ನಿಂದ ಕಾಯಿಲೆ ಬರುತ್ತೆ ಅಂತ ಯಾವ ಡಾಕ್ಟರ್ ಹೇಳಿದ್ದು? ಅನ್ನ ತಿಂದು ಯಾರಿಗಾದ್ರೂ ಹೊಟ್ಟೆ ಕೆಟ್ಟಿದ್ಯಾ?’

‘ಕೆಟ್ಟಿದೆ ಅಪ್ಪ. ಜಾಸ್ತಿ ತಿಂದ್ರೆ ಕೆಡುತ್ತೆ. ನೀವು ಬಡಿಸಿದ್ರಿ, ನಾನು ತಿಂದೆ.’

ಆ ಮಾತು ಆಡಬಾರದಿತ್ತು ಎಂದು ಎಲ್ಲರೂ ಹೇಳಿದರು. ನನಗೆ ಇವತ್ತಿಗೂ ಹಾಗನ್ನಿಸುವುದಿಲ್ಲ. ಅಪ್ಪ ಎದ್ದು ಒಳಗೆ ಹೋದರು. ಅವರ ಕಣ್ಣಲ್ಲಿ ನೀರಿತ್ತು, ನೋಡಿದೆ, ನನ್ನ ಕಣ್ಣಲ್ಲೂ ಇತ್ತು. ಆದರೂ ಆ ದಿನದಿಂದ ನಮ್ಮಿಬ್ಬರ ನಡುವೆ ಸಂಗೀತದ ಮಾತೇ ನಿಂತುಹೋಯಿತು. ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ, ಬಿಸಿಲು ಜಾಸ್ತಿ, ಇಷ್ಟೇ. ತಂದೆ ಮಗಳು ಮಾತಾಡುವಂತೆ ನಾವು ಮಾತಾಡತೊಡಗಿದ್ದೆವು. ನಮಗೆ ಅದರ ಅಭ್ಯಾಸವೇ ಇರಲಿಲ್ಲ.

ಚಿಕಿತ್ಸೆ ಶುರುವಾಯಿತು. ಮುಂಗೈಗೆ ಸೂಜಿ ಚುಚ್ಚಿ, ಬೆರಳನ್ನು ಮಡಚುವ ಸ್ನಾಯುವನ್ನು ಮಂಕು ಮಾಡುವ ಇಂಜೆಕ್ಷನ್. ಮೊದಲ ಸಲ ಅದು ಎಷ್ಟು ಮಂಕಾಯಿತೆಂದರೆ ರವಿಕೆಯ ಹುಕ್ಕು ಹಾಕಿಕೊಳ್ಳಲೂ ಆಗದೆ ನಾಗೇಶನನ್ನು ಕರೆಯುತ್ತಿದ್ದೆ. ಅವನು ಕನ್ನಡಕ ಹುಡುಕಿಕೊಂಡು ಬರುವಷ್ಟರಲ್ಲಿ ಹೊರಡುವ ಹೊತ್ತು ಮೀರಿರುತ್ತಿತ್ತು. ಇಂಜೆಕ್ಷನ್ ದಿನಗಳಲ್ಲಿ ಮಂಜುಳ ಸಿಗುತ್ತಿದ್ದಳು. ಯಾರನ್ನು ಮೊದಲು ಕರೆದರೂ ಇನ್ನೊಬ್ಬರು ಕಾಯುತ್ತಿದ್ದೆವು. ಆಮೇಲೆ ಕ್ಯಾಂಟೀನಿನಲ್ಲಿ ಖಾಲಿ ದೋಸೆ. ಅವಳ ಕತ್ತು ಒಳ್ಳೆಯದಿದ್ದ ದಿನ ಅವಳು ನನ್ನ ಎದುರು ಕೂರುತ್ತಿದ್ದಳು, ಇಲ್ಲದ ದಿನ ಅವಳ ಮುಖ ಯಾವ ಕಡೆಗಿತ್ತೋ ನಾನು ಆ ಕಡೆಗೆ ಎದ್ದು ಹೋಗಿ ಕೂರುತ್ತಿದ್ದೆ.

ಮನೆಯಲ್ಲಿ ಬೇರೆಯೇ ಒಂದು ಚಿಕಿತ್ಸೆ ನಡೆಯುತ್ತಿದೆ ಎಂದು ನನಗೆ ಗೊತ್ತಾದದ್ದು ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ. ಬದನೆಕಾಯಿ ಆರಿಸುತ್ತಿದ್ದೆ. ಸಂಗೀತ ಸಭೆಯೊಂದರ ಕಾರ್ಯದರ್ಶಿ ಎದುರಾಗಿ ಕೈಮುಗಿದರು.

‘ಮೇಡಂ, ಪುಸ್ತಕ ಎಲ್ಲಿವರ್ಗೂ ಬಂತು?’

‘ಯಾವ ಪುಸ್ತಕ ಸಾರ್?’

‘ಅದೇ, ನಿಮ್ಮ ಮನೆತನದ ಸಂಗೀತದ ಬಗ್ಗೆ ಬರೀತಿದೀರಲ್ಲ. ಅದಕ್ಕೇ ಈ ವರ್ಷ ಪ್ರೋಗ್ರಾಂ ಯಾವ್ದೂ ಒಪ್ಕೊಳ್ತಿಲ್ಲ ಅಂತ ಶ್ರೀಧರ್ ಹೇಳಿದ್ರು.’

ನನಗೆ ಮೈಯೆಲ್ಲ ಉರಿಯಿತು. ಬದನೆಕಾಯಿ ಹಿಡಿದ ಕೈಯನ್ನೇ ಅವರ ಮುಂದೆ ಚಾಚಿ, ‘ಪುಸ್ತಕ ಇಲ್ಲ, ಏನೂ ಇಲ್ಲ ಸಾರ್. ಈ ಬೆರಳಿಗೆ ಕಾಯಿಲೆ. ಬಾರಿಸೋಕ್ಕೆ ಆಗ್ತಿಲ್ಲ. ಎಲ್ರಿಗೂ ಹೇಳಿ’ ಎಂದೆ. ತರಕಾರಿಯವಳೂ ಕೈ ನಿಲ್ಲಿಸಿ ನೋಡಿದಳು. ಕಾರ್ಯದರ್ಶಿಗಳು ಅಯ್ಯೋ ಅಯ್ಯೋ ಎನ್ನುತ್ತ ಹೊರಟುಹೋದರು. ಎಲ್ಲರಿಗೂ ಹೇಳುವ ಕೆಲಸವನ್ನು ಮಾತ್ರ ಅಚ್ಚುಕಟ್ಟಾಗಿ ಮಾಡಿದರು, ಸಂಜೆಯೊಳಗೆ ಫೋನುಗಳು ಶುರುವಾದವು.

ಶ್ರೀಧರ ಓಡಿಬಂದ. ‘ಏನಕ್ಕ ಇದು? ಕೈ ಹೋಗಿದೆ ಅಂತ ಒಂದ್ಸಲ ಹೆಸರು ಬಂದ್ರೆ ಮುಗೀತು. ಆಮೇಲೆ ವಾಸಿ ಆದ್ರೂ ಯಾರೂ ಕರೆಯಲ್ಲ. ನಿನ್ನ ಒಳ್ಳೇದಕ್ಕೇ ಹೇಳಿದ್ದು ನಾನು.’

‘ನಂಗೆ ಕಾಯಿಲೆ ಬಂದಿರೋದು ಕಣೋ, ಕಳ್ಳತನ ಮಾಡಿ ಸಿಕ್ಕಿಬಿದ್ದಿಲ್ಲ. ನೀನ್ಯಾಕೆ ಜಾಮೀನು ಹಾಕ್ತೀಯ?’

ಅವನು ಎದ್ದು ಹೋದ. ಅವನು ಹೆದರಿದ್ದು ಸುಳ್ಳಾಗಲಿಲ್ಲ. ಮುಂದಿನ ವರ್ಷಕ್ಕೆಂದು ಗೊತ್ತಾಗಿದ್ದ ಕಚೇರಿಗಳು ಒಂದೊಂದಾಗಿ ಬಿಟ್ಟುಹೋದವು. ಇಬ್ಬರು ಶಿಷ್ಯೆಯರು ಪರೀಕ್ಷೆಯ ನೆಪ ಹೇಳಿ ನಿಂತರು. ಉಳಿದವರಿಗೆ ನಾನು ಬಾಯಲ್ಲಿ ಹಾಡಿ ಪಾಠ ಮಾಡಿದೆ. ಒಬ್ಬಳ ತಾಯಿ, ‘ನೀವು ಬಾರಿಸಿ ತೋರ್ಸದೆ ಹೇಗೆ ಕಲೀತಾಳೆ ಮೇಡಂ?’ ಎಂದು ಕೇಳಿದರು. ‘ಅವಳ ಕೈ ಚೆನ್ನಾಗಿದೆಯಲ್ಲಮ್ಮ, ಅದು ಬಾರಿಸಲಿ’ ಎಂದೆ. ಅವರಿಗೆ ಉತ್ತರ ಕೊಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಧೈರ್ಯವಂತೆ ಎಂದು ನನ್ನನ್ನು ಯಾರಾದರೂ ಹೊಗಳುವ ಮೊದಲು ಇದು ಗೊತ್ತಿರಲಿ.

ಇಂಜೆಕ್ಷನ್‌ಗಳಿಂದ ಬೆರಳು ಸ್ವಲ್ಪ ಸಡಿಲವಾಯಿತು. ರಾ ಮಾತ್ರ ಪೂರ್ತಿ ಮರಳಲಿಲ್ಲ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಮಿಜ್ರಾಬನ್ನು ತೆಗೆದು ನಡುಬೆರಳಿಗೆ ಹಾಕಿಕೊಂಡೆ. ಓದುವವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಮೊದಲ ಪಾಠದ ದಿನ ಗುರುವೇ ಮಂತ್ರ ಹೇಳಿ ಶಿಷ್ಯನ ತೋರುಬೆರಳಿಗೆ ಮಿಜ್ರಾಬ್ ತೊಡಿಸುತ್ತಾರೆ. ಆ ಬೆರಳು ಬಿಟ್ಟು ಇನ್ನೊಂದಕ್ಕೆ ಹಾಕುವುದೆಂದರೆ ತಾಳಿಯನ್ನು ಕಾಲಿಗೆ ಕಟ್ಟಿಕೊಂಡ ಹಾಗೆ. ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೊದಲ ನಾದ ತಗಡು ಬಡಿದಂತೆ ಬಂತು. ಆದರೆ ದಾ ಬಂತು, ರಾ ಬಂತು. ಎರಡೂ ಬಂತು! ಒಬ್ಬಳೇ ಕೂತು ಹೋ ಎಂದು ಕೂಗಿದೆ.

ಡಾಕ್ಟರು ಹೇಳಿದ ಮಿತಿಯೊಳಗೆ, ಸ್ವಲ್ಪ ಸ್ವಲ್ಪವೇ ಬಾರಿಸುತ್ತ ಬಂದೆ. ಇನ್ನೂ ಬೇಕೆನಿಸುವಾಗ ಎದ್ದುಬಿಡಬೇಕು ಎಂದಿದ್ದರು. ಹುಟ್ಟಿದಾಗಿನಿಂದ ಸಾಕೆನಿಸಿದರೂ ಏಳಬೇಡ ಎಂದು ಕಲಿತವಳಿಗೆ ಅದೇ ಎಲ್ಲಕ್ಕಿಂತ ಕಷ್ಟದ ಪಥ್ಯ. ಆಲಾಪ ಬಂತು, ಮಧ್ಯಲಯದ ಗತ್ ಬಂತು. ಝಾಲಾ ಬರಲಿಲ್ಲ. ಇವತ್ತಿಗೂ ಬಂದಿಲ್ಲ, ಇನ್ನು ಬರುವುದೂ ಇಲ್ಲ.

ತಾತನ ತಿಥಿ ಹತ್ತಿರ ಬಂತು. ಹಿಂದಿನ ವರ್ಷ ಮನೆಯಲ್ಲಿ ಸೂತಕವಿತ್ತು, ಬೈಠಕ್ ನಡೆದಿರಲಿಲ್ಲ. ಈ ಸಲ ತಪ್ಪಿಸುವಂತಿರಲಿಲ್ಲ. ಅಪ್ಪ ನನ್ನ ಮುಖ ನೋಡದೆ, ಶ್ರೀಧರನಿಗೆ ಹೇಳುವಂತೆ ಹೇಳಿದರು. ‘ಈ ಸಲ ಕೊನೇಲಿ ನಿನ್ನ ಸೋಲೋ ಇರ್ಲಿ. ಸುಮಾ ಶಿಷ್ಯರನ್ನ ನೋಡ್ಕೊಳ್ಳಲಿ.’

‘ಕೊನೇಲಿ ನಾನೇ ಕೂರ್ತೀನಿ ಅಪ್ಪ’ ಎಂದೆ.

‘ಝಾಲಾ ಇಲ್ದೆ?’

‘ಇಲ್ದೆ.’

‘ಜನ ಎದ್ದು ಹೋಗ್ತಾರೆ.’

‘ಹೋಗ್ಲಿ. ಗೇಟು ತೆಗೆದಿಟ್ಟಿರ್ತೀನಿ.’

‘ತಾತನ ಜಾಗ ಅದು ಸುಮಾ. ಅಲ್ಲಿ ಕೂತು ಅರ್ಧಂಬರ್ಧ ಬಾರಿಸ್ಬಾರ್ದು.’

‘ಅರ್ಧ ಅಲ್ಲ ಅಪ್ಪ. ನನ್ನ ಹತ್ರ ಈಗ ಇರೋದು ಇಷ್ಟೇ, ಅದನ್ನ ಪೂರ್ತಿ ಬಾರಿಸ್ತೀನಿ. ಕಾಯಿಲೆ ಬಂತು ಅಂತ ನನ್ನನ್ನ ಅಡುಗೆಮನೆಗೆ ಕಳಿಸಿದ್ರೆ ನಾನು ಮತ್ತೆ ಈ ಹಾಲ್‌ಗೆ ಬರಲ್ಲ.’ ಆ ಜಾಗ ಒಂದು ಸಲ ಬಿಟ್ಟರೆ ನಾನು ಸಿತಾರ್ ಬಾರಿಸುವವಳಾಗಿ ಉಳಿಯುವುದಿಲ್ಲ, ಒಂದು ಕಾಲದಲ್ಲಿ ಬಾರಿಸುತ್ತಿದ್ದವಳಾಗುತ್ತೇನೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಶ್ರೀಧರ ತಬಲಾದ ಗವಸನ್ನೇ ನೋಡುತ್ತ, ‘ನಾನು ಸೋಲೋ ಬಾರಿಸಲ್ಲ ಅಪ್ಪ. ಅಕ್ಕನ ಜೊತೆ ಕೂರ್ತೀನಿ’ ಎಂದ.

ಬೈಠಕ್ ದಿನ ಹಾಲ್ ತುಂಬಿತ್ತು. ಕೆಲವರು ಸಂಗೀತ ಕೇಳಲು, ಹಲವರು ಬೆರಳು ನೋಡಲು. ಅಪ್ಪ ಎಂದಿನಂತೆ ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದರು. ಹಿಂದಿನ ಸಾಲಿನಲ್ಲಿ ಮಂಜುಳ, ಕತ್ತು ಕಿಟಕಿಯ ಕಡೆಗೆ, ಕಿವಿ ನನ್ನ ಕಡೆಗೆ. ನಾನು ಕೂತು ಮೈಕ್ ಹತ್ತಿರ ಎಳೆದುಕೊಂಡೆ.

‘ನನಗೆ ಬಲಗೈ ಬೆರಳಿನ ಕಾಯಿಲೆ ಇದೆ. ಮಿಜ್ರಾಬ್ ನಡುಬೆರಳಿಗೆ ಹಾಕ್ಕೊಂಡು ಬಾರಿಸ್ತೀನಿ. ಝಾಲಾ ಇರೋದಿಲ್ಲ. ಅದಕ್ಕೇ ಬಂದಿರೋರು ಈಗ್ಲೇ ಹೊರಟ್ರೆ ಟ್ರಾಫಿಕ್ ಕಮ್ಮಿ ಇರುತ್ತೆ.’

ಯಾರೋ ನಕ್ಕರು. ಯಾರೂ ಏಳಲಿಲ್ಲ. ಎಲ್ಲರೂ ನೋಡುತ್ತಿದ್ದಂತೆಯೇ ಮಿಜ್ರಾಬ್ ಏರಿಸಿಕೊಂಡು ಯಮನ್ ಶುರುಮಾಡಿದೆ, ಮಕ್ಕಳಿಗೆ ಮೊದಲು ಕಲಿಸುವ ರಾಗ. ಆಲಾಪ ಅರ್ಧ ಆಗುವಾಗ ಬೆರಳನ್ನು ಮರೆತಿದ್ದೆ. ಗತ್ ನಡುವೆ ಮಿಜ್ರಾಬ್ ಜಾರಿ ತಂತಿಗೆ ಅಡ್ಡ ಬಡಿಯಿತು. ಮೊದಲಿನ ನಾನಾಗಿದ್ದರೆ ಎಡಗೈಯ ಚಮತ್ಕಾರದಲ್ಲಿ ಅದನ್ನು ಮುಚ್ಚುತ್ತಿದ್ದೆ. ಈ ಸಲ ನಿಲ್ಲಿಸಿದೆ. ಶ್ರೀಧರ ತಾಳದ ಠೇಕಾವನ್ನು ಬಿಡದೆ ತಬಲಾದಲ್ಲಿ ಹಿಡಿದುಕೊಂಡ. ನಿಧಾನವಾಗಿ ಸರಿಮಾಡಿಕೊಂಡು ಮತ್ತೆ ತಾಳದ ಮೊದಲ ಪೆಟ್ಟು, ಸಮ್‌ಗೆ ಬಂದು ಸೇರಿದೆ. ಝಾಲಾ ಬರಬೇಕಾದ ಜಾಗದಲ್ಲಿ ಸಿತಾರ್ ಕೆಳಗಿಟ್ಟು ಕೈಮುಗಿದೆ.

ಚಪ್ಪಾಳೆ ಬಂತು, ಸುಳ್ಳು ಹೇಳುವುದಿಲ್ಲ, ಮೊದಲಿನಷ್ಟಲ್ಲ. ಹಳೆಯ ರಸಿಕರೊಬ್ಬರು ಚಪ್ಪಲಿ ಹಾಕಿಕೊಳ್ಳುತ್ತ, ‘ಝಾಲಾ ಇಲ್ದೆ, ಊಟದಲ್ಲಿ ಪಾಯಸನೇ ಇಲ್ದಂಗಾಯ್ತು’ ಎಂದದ್ದು ನನಗೂ ಕೇಳಿಸಿತು. ‘ಮನೆಯವ್ರಿಗೆ ಸಕ್ಕರೆ ಕಾಯಿಲೆ ಅಂದ್ಕೊಳ್ಳಿ ಸಾರ್’ ಎಂದೆ. ಅವರು ಗಾಬರಿಯಾಗಿ ಎಡಗಾಲಿಗೆ ಬಲಗಾಲಿನ ಚಪ್ಪಲಿ ಸೇರಿಸಿದರು.

ಹಿತ್ತಲ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ, ಹೆಸರಾಂತ ಪಿಟೀಲು ವಾದಕರೊಬ್ಬರು ಬಂದು ಪಕ್ಕದಲ್ಲಿ ನಿಂತರು. ಆಚೀಚೆ ನೋಡಿ, ಎಡಗೈಯ ಕಿರುಬೆರಳು ತೋರಿಸಿ, ‘ಇದು ನನ್ನ ಮಾತು ಕೇಳ್ತಿಲ್ಲಮ್ಮ. ಮನೇಲಿ ಯಾರಿಗೂ ಗೊತ್ತಿಲ್ಲ’ ಎಂದು ಪಿಸುಗುಟ್ಟಿದರು. ಎಷ್ಟು ವರ್ಷಗಳಿಂದ ಎಂದು ಕೇಳಿದರೆ ಅಳತೊಡಗಿದರು. ನಾನು ಹಿಂದೆ ವಿಚಾರಿಸಿದಾಗ ಇಲ್ಲವಮ್ಮ ಎಂದವರಲ್ಲಿ ಇವರೂ ಒಬ್ಬರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರ ಕೈ ಹಿಡಿದುಕೊಂಡು ನಿಂತೆ. ಡಾಕ್ಟರ ಹೆಸರು ಹೇಳಿ, ಪಿಟೀಲು ತಗೊಂಡೇ ಹೋಗಿ, ಬೇಕಾದರೆ ನಾನೂ ಬರುತ್ತೇನೆ ಎಂದೆ.

ಎಲ್ಲರೂ ಹೋದರು. ಶಿಷ್ಯರು ಜಮಖಾನ ಮಡಚುತ್ತಿದ್ದರು. ಅಪ್ಪ ಕುರ್ಚಿಯಿಂದ ಎದ್ದಿರಲಿಲ್ಲ. ನಾನು ಸಿತಾರಿಗೆ ಗವಸು ಹಾಕುತ್ತಿದ್ದೆ.

‘ಸುಮಾ.’

‘ಏನಪ್ಪ.’

‘ಆಲಾಪದಲ್ಲಿ ರಿಷಭದಿಂದ ಎಳೆದ್ಯಲ್ಲ ಗಾಂಧಾರ, ಎರಡನೇ ಸಲ. ಅದರ ಶ್ರುತಿ ಇಳಿದಿತ್ತು.’

ತಂತಿ ಎಳೆಯುವುದು ಎಡಗೈ. ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಅಷ್ಟು ಜನ ನನ್ನ ಬಲಗೈಯನ್ನೇ ದಿಟ್ಟಿಸುತ್ತಿದ್ದಾಗ ಅಪ್ಪ ಗಾಂಧಾರ ಕೇಳುತ್ತಿದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಸಿಟ್ಟು ನೆತ್ತಿಗೇರಿತು.

‘ಇಳಿದಿರ್ಲಿಲ್ಲ.’

‘ಇಳಿದಿತ್ತು. ನನ್ನ ಕಿವಿ ಇನ್ನೂ ಸತ್ತಿಲ್ಲ.’

‘ಇಳಿದಿರ್ಲಿಲ್ಲ ಅಪ್ಪ, ಬೇಕಾದ್ರೆ ಕೇಳಿ’ ಎಂದು ಗವಸು ಕಿತ್ತು ಸಿತಾರ್ ತೊಡೆಗೇರಿಸಿದೆ. ನಡುಬೆರಳಿಗೆ ಮಿಜ್ರಾಬ್ ಹಾಕಿಕೊಳ್ಳುವಾಗ ಅವರು ನೋಡಿದರು. ಕುರ್ಚಿಯನ್ನು ಕರಕರ ಎಳೆದುಕೊಂಡು ಹತ್ತಿರ ಬಂದರು. ನಾನು ರಿಷಭದ ಮೇಲೆ ಬೆರಳಿಟ್ಟು ಎಳೆದೆ.

ಒಳಗಿನಿಂದ ಶ್ರೀಧರ, ಎಲೆ ಹಾಕಿದೆ, ಸಾರು ಆರುತ್ತೆ, ಬನ್ನಿ ಇಬ್ಬರೂ ಎಂದು ಕೂಗಿದ. ಅಪ್ಪ ಕುರ್ಚಿಯಲ್ಲೇ ಮುಂದೆ ಬಾಗಿ ಸಿತಾರಿಗೆ ಕಿವಿ ಕೊಟ್ಟರು.

‘ಇನ್ನೊಂದ್ಸಲ ಎಳಿ’ ಎಂದರು.